ಮಲಗಿದ್ದಾಗ ಇಲ್ಲದ ವಾಕರಿಕೆ ಎದ್ದೊಡನೆ ಏಕೆ? ನಿಮ್ಮ ಅನುಭವ ಹೇಳಿ

ಪ್ರಶ್ನೆ: ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುವ ರೋಗಿಗಳ ಶಸ್ತ್ರಚಿಕಿತ್ಸಾ ವಿಭಾಗದಲ್ಲಿದ್ದೇನೆ. ನೋವಿಗೆ ಫೆಂಟನಿಲ್ ಅಥವಾ ಮಾರ್ಫಿನ್ ಪಡೆದವರು ಹಾಸಿಗೆಯಲ್ಲಿ ಚೆನ್ನಾಗಿಯೇ ಇರುತ್ತಾರೆ. ಎದ್ದು ನಾಲ್ಕು ಹೆಜ್ಜೆ ಇಟ್ಟೊಡನೆ ಹೊಟ್ಟೆ ತೊಳಸುತ್ತದೆ. ಎಲ್ಲರಿಗೂ ಶಸ್ತ್ರಚಿಕಿತ್ಸೆಯ ಕೊನೆಯಲ್ಲಿ ವಾಂತಿ ತಡೆಯುವ ಒಂಡಾನ್ಸೆಟ್ರಾನ್ ಕೊಡುತ್ತೇವೆ, ಸಾಲುತ್ತಿಲ್ಲ.

ಅರಿವಳಿಕೆ ವೈದ್ಯೆ: ನಾಲ್ಕು ಹೆಜ್ಜೆ ಎಂದಿರಲ್ಲ, ಸುಳಿವು ಅಲ್ಲಿಯೇ ಇದೆ. ಓಪಿಯಾಯ್ಡ್, ಅಂದರೆ ಫೆಂಟನಿಲ್, ಮಾರ್ಫಿನ್ ಜಾತಿಯ ನೋವಿನ ಮದ್ದು, ಮಿದುಳಿನ ವಾಂತಿ ಪ್ರಚೋದಕ ವಲಯವನ್ನು ಕೆರಳಿಸುತ್ತದೆ, ಜಠರ ಖಾಲಿಯಾಗುವುದನ್ನು ತಡಮಾಡುತ್ತದೆ. ಜೊತೆಗೆ ಒಳಕಿವಿಯ ಸಮತೋಲನ ವ್ಯವಸ್ಥೆಯನ್ನೂ ಸೂಕ್ಷ್ಮವಾಗಿಸುತ್ತದೆ. ಒಂಡಾನ್ಸೆಟ್ರಾನ್ ತಡೆಯುವುದು ಸಿರೊಟೋನಿನ್ ದಾರಿಯನ್ನು. ಚಲನೆಯಿಂದ ಏಳುವ ವಾಕರಿಕೆಗೆ ಅದು ಅಷ್ಟಾಗಿ ನಾಟುವುದಿಲ್ಲ.

ಹಾಗಾಗಿ ಮೊದಲೇ ಕೇಳಿ: ಬಸ್ಸಿನಲ್ಲಿ ಕುಳಿತರೆ ವಾಂತಿ ಬರುತ್ತದೆಯೇ? ಹಿಂದಿನ ಶಸ್ತ್ರಚಿಕಿತ್ಸೆಯ ನಂತರ ಆಗಿತ್ತೇ? ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆ, ವಾಂತಿಯ ಸಾಧ್ಯತೆ ಅಳೆಯುವ 1999ರ ಆಪ್ಫೆಲ್ ಅಂಕಪಟ್ಟಿಯಲ್ಲಿ ಇವೆರಡರಲ್ಲಿ ಒಂದಿದ್ದರೂ, ಎರಡೂ ಇದ್ದರೂ ಒಂದೇ ಅಂಕ. ಹೆಣ್ಣಾಗಿರುವುದು, ಧೂಮಪಾನ ಮಾಡದಿರುವುದು, ಬಳಿಕವೂ ಓಪಿಯಾಯ್ಡ್ ಬೇಕಾಗುವುದು, ಇವು ಉಳಿದ ಮೂರು. ಒಂದು ಅಂಕವೂ ಇಲ್ಲದವರಲ್ಲಿ ಸುಮಾರು ಶೇ 10ರಷ್ಟಿರುವ ಸಾಧ್ಯತೆ ನಾಲ್ಕೂ ಇದ್ದವರಲ್ಲಿ ಶೇ 80ಕ್ಕೆ ಹತ್ತಿರವಾಗುತ್ತದೆ. ಇವರಿಬ್ಬರಿಗೂ ಒಂದೇ ಚುಚ್ಚುಮದ್ದು ಕೊಡುವುದು ನನಗೆ ಸರಿಕಾಣುವುದಿಲ್ಲ.

ನನ್ನ ಅನುಭವದಲ್ಲಿ ಹೆಚ್ಚು ಫಲ ಕೊಟ್ಟದ್ದು ಓಪಿಯಾಯ್ಡ್ ತಗ್ಗಿಸಿದ್ದು. ಗಾಯದ ಅಂಚಿಗೆ ಮರಗಟ್ಟಿಸುವ ಮದ್ದು ಅಥವಾ ನರದ ಬ್ಲಾಕ್, ಪ್ಯಾರಾಸಿಟಮಾಲ್, ಮೂತ್ರಪಿಂಡ ಮತ್ತು ಹೊಟ್ಟೆ ಒಪ್ಪುವುದಾದರೆ ಐಬುಪ್ರೊಫೆನ್ ಜಾತಿಯ ಮದ್ದು. ಇಷ್ಟಾದರೆ ಎಷ್ಟೋ ಜನರಿಗೆ ಮಾರ್ಫಿನ್ ಬೇಕಾಗುವುದೇ ಇಲ್ಲ. ಅಪಾಯ ಹೆಚ್ಚಿದ್ದವರಿಗೆ ಅರಿವಳಿಕೆಗೆ ಅನಿಲದ ಬದಲು ರಕ್ತನಾಳಕ್ಕೆ ಕೊಡುವ ಪ್ರೊಪೊಫಾಲ್, ಆರಂಭದಲ್ಲೇ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್, ಕೊನೆಯಲ್ಲಿ 4 ಮಿಲಿಗ್ರಾಂ ಒಂಡಾನ್ಸೆಟ್ರಾನ್. ಕೊನೆಯ ಎರಡೂ ಬೇರೆ ಬೇರೆ ದಾರಿಯ ಮದ್ದುಗಳಾದ್ದರಿಂದ ಫಲ ಕೂಡುತ್ತದೆ. ಡೆಕ್ಸಾಮೆಥಾಸೋನ್ ಅನ್ನು ಎಚ್ಚರವಿರುವವರಿಗೆ ರಭಸದಿಂದ ಕೊಡಬೇಡಿ; ಗುಹ್ಯಭಾಗದಲ್ಲಿ ಉರಿ ಹತ್ತಿ ರೋಗಿ ಬೆಚ್ಚಿಬೀಳುತ್ತಾರೆ. ಮಧುಮೇಹಿಗಳಲ್ಲಿ ಸಕ್ಕರೆ ನೋಡಿಕೊಳ್ಳಿ. ಇಸಿಜಿಯಲ್ಲಿ ಹೃದಯದ ಕ್ಯೂಟಿ ಅವಧಿ (ಪ್ರತಿ ಬಡಿತದ ವಿದ್ಯುತ್ ಚಟುವಟಿಕೆಗೆ ಹಿಡಿಯುವ ಸಮಯ) ಉದ್ದವಿದ್ದವರಿಗೆ ಒಂಡಾನ್ಸೆಟ್ರಾನ್ ಬೇಡ.

ಚೇತರಿಕೆ ಕೊಠಡಿಯ ದಾದಿ: ವೈದ್ಯರು ಹೇಳಿದ ಚಲನೆಯ ಮಾತಿಗೆ ನನ್ನದೊಂದು ಸೇರ್ಪಡೆ. ನಾನು ಯಾರನ್ನೂ ಒಮ್ಮೆಗೇ ಎಬ್ಬಿಸುವುದಿಲ್ಲ. ಮೊದಲು ತಲೆದೆಸೆ ಎತ್ತುತ್ತೇನೆ, ಆಮೇಲೆ ಕಾಲು ಇಳಿಬಿಟ್ಟು ಕೂರಿಸಿ ತುಟಿಯನ್ನೇ ನೋಡುತ್ತೇನೆ. ವಾಂತಿಗೆ ಮುನ್ನ ತುಟಿ ಬಿಳಿಚುತ್ತದೆ, ಮೇಲ್ದುಟಿಯ ಮೇಲೆ ಬೆವರ ಹನಿ ಮೂಡುತ್ತದೆ, ರೋಗಿ ಪದೇ ಪದೇ ಜೊಲ್ಲು ನುಂಗುತ್ತಾರೆ. ಕಂಡ ತಕ್ಷಣ ಮತ್ತೆ ಒರಗಿಸಿ, ಚುಚ್ಚುಮದ್ದಿಗೆ ಮುನ್ನ ಚರ್ಮ ಒರೆಸುವ ಐಸೊಪ್ರೊಪೈಲ್ ಆಲ್ಕೋಹಾಲ್ ಪಟ್ಟಿಯನ್ನು ಮೂಗಿನ ಬಳಿ ಹಿಡಿದು ನಿಧಾನವಾಗಿ ಉಸಿರೆಳೆಯಲು ಹೇಳುತ್ತೇನೆ. ಬೇರೆ ಮದ್ದು ಕೈಸೇರುವಷ್ಟರಲ್ಲಿ ಹಲವರಿಗೆ ಇದರಿಂದಲೇ ಹಗುರಾಗಿರುತ್ತದೆ. ಕೊನೆಯಲ್ಲಿ ಕೊಟ್ಟ ಒಂಡಾನ್ಸೆಟ್ರಾನ್ ಫಲಿಸದಿದ್ದರೆ ಆರು ಗಂಟೆಯೊಳಗೆ ಅದನ್ನೇ ಮತ್ತೆ ಕೊಡುವುದಕ್ಕಿಂತ ಬೇರೆ ಜಾತಿಯ ಮದ್ದನ್ನು ವೈದ್ಯರಲ್ಲಿ ಕೇಳುತ್ತೇನೆ.

ಎರಡು ಬಾರಿ ಶಸ್ತ್ರಚಿಕಿತ್ಸೆಯಾದ ಒಬ್ಬರು: ಮೊದಲ ಸಲ ಕಾರಿನಲ್ಲಿ, ಆಮೇಲೆ ಮನೆಯಲ್ಲಿ ರಾತ್ರಿಯಿಡೀ ವಾಂತಿ. ಕೇಳಲು ಯಾರೂ ಇರಲಿಲ್ಲ. ವಾಂತಿಗೆ ಹೆದರಿ ನೋವಿನ ಮಾತ್ರೆಯನ್ನೇ ಬಿಟ್ಟೆ, ನೋವು ತಿಂದೆ. ಎರಡನೇ ಸಲ ಇದನ್ನೆಲ್ಲ ಮೊದಲೇ ಹೇಳಿದ್ದಕ್ಕೆ ನಾಲಗೆಯ ಮೇಲೆ ಕರಗುವ ಒಂಡಾನ್ಸೆಟ್ರಾನ್ ಮಾತ್ರೆಗಳನ್ನೂ, ರಾತ್ರಿ ಕರೆ ಮಾಡಲು ಒಂದು ಸಂಖ್ಯೆಯನ್ನೂ ಕೊಟ್ಟು ಕಳಿಸಿದರು. ದಯವಿಟ್ಟು ನಿಮ್ಮ ರೋಗಿಗಳಿಗೂ ಇವೆರಡನ್ನು ಕೊಡಿ.