‘ಲಾಕ್ ನಟ್’ ಅಂದರೆ ಯಾವ ನಟ್ಟು? ಜೊತೆಗೆ ಬ್ರೇಕಿನ ಸದ್ದಿನ ಪದಗಳು

ಎಲ್ಲರಿಗೂ ನಮಸ್ಕಾರ.

ಸ್ವಂತ ಕಾರು ಇರುವವರಿಗೆ ಬ್ರೇಕು, ಚಕ್ರದ ಬಗ್ಗೆ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಕೆಲವು ಪದಗಳ ಹತ್ತಿರ ನಿಂತುಬಿಟ್ಟಿದ್ದೇನೆ, ನಿಮ್ಮ ಸಹಾಯ ಬೇಕು.

ಅಲಾಯ್ ಚಕ್ರ ಯಾರೂ ಕದಿಯದಿರಲಿ ಅಂತ ಒಂದೊಂದು ಚಕ್ರಕ್ಕೂ ಒಂದು ಬೇರೆ ಥರದ ನಟ್ಟು ಹಾಕಿರುತ್ತಾರಲ್ಲ, ಅದಕ್ಕೆ ಏನು ಅನ್ನೋಣ? ಉಳಿದವನ್ನು ಮಾಮೂಲಿ ವೀಲ್ ಪಾನಾದಲ್ಲಿ ಬಿಚ್ಚಬಹುದು. ಇದರ ತಲೆಯಲ್ಲಿ ಮಾತ್ರ ಅಂಕುಡೊಂಕು ಕಚ್ಚು. ಅದಕ್ಕೆ ಹೊಂದುವ ತುಂಡನ್ನು ಮೊದಲು ಕೂರಿಸಿ, ಆಮೇಲೆ ಪಾನಾ ಹಾಕಬೇಕು. ಗ್ಯಾರೇಜಿನಲ್ಲಿ ಇದನ್ನು ‘ಲಾಕ್ ನಟ್’ ಅಂತಾರೆ. ಆದರೆ ಆ ಹೆಸರು ಬೇರೊಂದಕ್ಕೆ ಮೊದಲೇ ಇದೆ. ಸೈಕಲ್ ಚಕ್ರದ ನಡುವಿನ ಹಬ್ಬಿನಲ್ಲಿ ಬೇರಿಂಗ್ ಗುಂಡುಗಳನ್ನು ಹಿಡಿದಿಡುವ ಕೋನ್ ಸಡಿಲ ಆಗದಂತೆ ಮೇಲಿಂದ ಬಿಗಿಯುವುದೂ ಲಾಕ್ ನಟ್ಟೇ. ಎಂಜಿನ್ನಿನ ವಾಲ್ವಿನ ಸಂದು ಹೊಂದಿಸುವ ಟ್ಯಾಪೆಟ್ ಸ್ಕ್ರೂ ಮೇಲಿರುವುದೂ ಅದೇ. ಒಂದರ ಕೆಲಸ ಅದುರಿಕೆಗೆ ಸಡಿಲ ಆಗುವುದನ್ನು ತಡೆಯುವುದು, ಇನ್ನೊಂದರದು ಕಳ್ಳನನ್ನು ತಡೆಯುವುದು. ಎರಡಕ್ಕೂ ಒಂದೇ ಹೆಸರಾದರೆ ಓದುವವರು ಗೊಂದಲಕ್ಕೆ ಬೀಳ್ತಾರೆ, ಅಲ್ವಾ?

ಸದ್ಯಕ್ಕೆ ‘ಬೀಗದ ನಟ್ಟು’ ಅಂತ ಬರೆದಿದ್ದೇನೆ. (ಬೀಗರ ನಟ್ಟು ಅಂತ ಓದಿ ನಗಬೇಡಿ.) ಆ ತುಂಡಿಗೆ ‘ಕೀಲಿ’ ಅನ್ನಬಹುದಿತ್ತು. ಆದರೆ ಧಾರವಾಡದ ಕಡೆ ಕೀಲಿ ಅಂದರೆ ಬೀಗವೇ, ತೆರೆಯುವುದು ಕೀಲಿಕೈ. ‘ಕೀಲಿ ಕಳೆದರೆ’ ಅಂತ ಬರೆದರೆ ಅಲ್ಲಿನವರಿಗೆ ನಟ್ಟೇ ಕಳೆದುಹೋಯಿತು ಅನ್ನಿಸೀತು. ‘ಕೀಲಿಕೈ’ ಎರಡೂ ಕಡೆ ನಡೆಯುತ್ತಾ? ಇನ್ನೊಂದು ತಕರಾರೂ ಇದೆ. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳ ಚಕ್ರಕ್ಕೆ ನಟ್ಟೇ ಇರಲ್ಲ, ಬೋಲ್ಟನ್ನೇ ನೇರ ಹಬ್ಬಿಗೆ ತಿರುಗಿಸಿರುತ್ತಾರೆ. ಅಲ್ಲಿ ‘ಬೀಗದ ಬೋಲ್ಟು’ ಅನ್ನಬೇಕೇನೋ.

ಈ ಭಾಗದಲ್ಲಿ ಪದ ಸರಿಯಾಗಿ ಕೂರಲೇಬೇಕು. ಯಾಕಂದರೆ ಜನ ಪುಸ್ತಕ ತೆರೆಯುವುದೇ ಕೀಲಿಕೈ ಸಿಗದಾಗ. ಅದು ಸಾಮಾನ್ಯವಾಗಿ ಸ್ಟೆಪ್ನಿ ಹತ್ತಿರದ ಟೂಲ್ ಜಾಗದಲ್ಲೋ ಗ್ಲೋವ್ ಬಾಕ್ಸಿನಲ್ಲೋ ಇರುತ್ತೆ. ಎಲ್ಲೂ ಇಲ್ಲ ಅಂದರೆ ನಟ್ಟಿಗಿಂತ ತುಸು ಚಿಕ್ಕ ಸಾಕೆಟ್ಟನ್ನು ಸುತ್ತಿಗೆಯಿಂದ ಬಡಿದು ಕೂರಿಸಿ, ಉದ್ದ ರಾಡಿನಿಂದ ತಿರುಗಿಸುತ್ತಾರೆ. ಚಕ್ರ ನೆಲ ಕಚ್ಚಿರುವಾಗಲೇ ಸಡಿಲಿಸಬೇಕು, ಜಾಕ್ ಏರಿಸಿದ ಮೇಲೆ ಚಕ್ರವೇ ತಿರುಗುತ್ತೆ. ನಟ್ಟು ಹಾಳಾಗುತ್ತೆ, ಎಷ್ಟೋ ಸಲ ಸಾಕೆಟ್ಟೂ ಹಾಳು. ಕೀಲಿಕೈ ಇದ್ದರೂ ಟೈರ್ ಅಂಗಡಿಯ ನಟ್ಟು ಬಿಚ್ಚುವ ಗನ್ ಹಾಕಿಸಬೇಡಿ, ಕೀಲಿಕೈಯ ಕಚ್ಚು ಮುರಿಯಬಹುದು.

ಮಾತಿಗೆ ಬಂತು ಅಂತ ಹೇಳ್ತೀನಿ: ಸ್ಟೆಪ್ನಿಗೆ ಕನ್ನಡ ಹುಡುಕುವ ಗೋಜಿಗೆ ನಾನು ಹೋಗಿಲ್ಲ. ವೇಲ್ಸ್‌ನ ಲನೆಲ್ಲಿ ಊರಿನ ಸ್ಟೆಪ್ನಿ ಬೀದಿಯಿಂದ 1904ರ ಸುಮಾರಿಗೆ ಹೊರಟ ಹೆಸರದು. ಇಲ್ಲಿ ಲಾರಿ ಕ್ಲೀನರ್ ಬಾಯಲ್ಲೂ ಇದೆ. ಇನ್ನೇನು ಬೇಕು?

ಇನ್ನು ಬ್ರೇಕಿನ ಸದ್ದು. ‘ಕರ್ಕಶ ಧ್ವನಿ’ ಅಂತ ಒಂದೇ ಪದದಲ್ಲಿ ಮುಗಿಸಿದ್ದನ್ನು ಅಲ್ಲಲ್ಲಿ ನೋಡಿದ್ದೇನೆ. ಅದರಿಂದ ಏನೂ ತಿಳಿಯಲ್ಲ. ಕೀಚ್ ಅಂದರೆ ಬ್ರೇಕ್ ಪ್ಯಾಡಿನಲ್ಲಿರುವ ಎಚ್ಚರಿಕೆಯ ತಗಡು ಡಿಸ್ಕಿಗೆ (ಚಕ್ರದ ಜೊತೆ ತಿರುಗುವ ತಟ್ಟೆ, ಪ್ಯಾಡ್ ಒತ್ತುವುದು ಇದನ್ನೇ) ತಾಗುತ್ತಿರಬಹುದು, ಪ್ಯಾಡ್ ಮುಗಿಯುತ್ತಾ ಬಂದಿದೆ ಅಂತ. ಬರೀ ದೂಳಿಗೂ, ಪ್ಯಾಡಿನ ಮೈ ಕಾದು ನುಣುಪಾದರೂ ಹಾಗೇ ಕೂಗುತ್ತೆ. ಕರಕರ ಅಂದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿರಬಹುದು, ಗಾಡಿ ಅಲ್ಲೇ ನಿಲ್ಲಿಸಬೇಕು. ಮಳೆ ಬಂದ ಮಾರನೇ ಬೆಳಗ್ಗೆ ಸರ್ ಅನ್ನುವುದು ಡಿಸ್ಕಿನ ಮೇಲಿನ ತೆಳು ತುಕ್ಕು, ನಾಲ್ಕಾರು ಸಲ ಬ್ರೇಕ್ ತುಳಿದರೆ ಹೋಗುತ್ತೆ. ಇವನ್ನೆಲ್ಲ ಹೀಗೇ ಅನುಕರಣ ಪದಗಳಲ್ಲೇ ಬರೆಯಬೇಕು ಅನ್ನುವುದು ನನ್ನ ವಾದ. ಪ್ಯಾಡ್ ತನ್ನ ಜಾಗದಲ್ಲಿ ಸಡಿಲ ಆಗಿ ಅಲುಗುವ ಸದ್ದಿಗೆ ‘ಟಕ್’ ಹಾಕಿದ್ದೇನೆ, ನಿಮ್ಮ ಕಡೆ ಬೇರೆ ಪದ ಇದ್ದರೆ ಕೊಡಿ.

ಕೊನೆಯದು ‘ಹಿಡಿ’. ‘ಬ್ರೇಕ್ ಹಿಡೀತಿಲ್ಲ’ ಅಂದರೆ ಗಾಡಿ ನಿಲ್ಲುತ್ತಿಲ್ಲ. ‘ಬ್ರೇಕ್ ಹಿಡ್ಕೊಂಡಿದೆ’ ಅಂದರೆ ಕಾಲು ತೆಗೆದರೂ ಬಿಡುತ್ತಿಲ್ಲ. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ ತುಕ್ಕು ಹಿಡಿದಾಗ ಹೀಗಾಗುತ್ತೆ, ಆ ಚಕ್ರ ಒಂದೇ ಸುಡುವಷ್ಟು ಬಿಸಿ. ಮಾತಿನಲ್ಲಿ ಗೊಂದಲ ಇಲ್ಲ. ಆದರೆ ‘ಬ್ರೇಕ್ ಹಿಡಿದಿದೆ’ ಅಂತ ಬರವಣಿಗೆಯಲ್ಲಿ ಕಂಡರೆ ನೀವು ಯಾವ ಅರ್ಥ ಮಾಡಿಕೊಳ್ತೀರಿ? ‘ಕಚ್ಚಿಕೊಂಡಿದೆ’ ಅಂತ ಬದಲಿಸಲೇ?