ಅಪ್ಪನಿಗೆ ಎಷ್ಟು ಅಂಕ?

"791!" ಎನ್ನುತ್ತಲೇ ಗುಂಡಣ್ಣ ಒಳಗೆ ಬಂದ. ಜ್ವರದ ಕಾವು ನೋಡಿಕೊಳ್ಳುವವರಂತೆ ದಿನ ಬೆಳಗಾದರೆ ಮೊಬೈಲಿನಲ್ಲಿ ಕ್ರೆಡಿಟ್ ಸ್ಕೋರ್ ನೋಡಿಕೊಳ್ಳುವ ಗೀಳು ಈಚೆಗೆ ಅವನಿಗೆ ಹತ್ತಿದೆ.

"ಎಷ್ಟಕ್ಕೆ?" ಎಂದರು ರಾಯರು.

"850ಕ್ಕೆ. ಸಾಲ ತೀರಿಸುವವನೋ ಅಲ್ಲವೋ ಎಂದು ಅಮೆರಿಕದಲ್ಲಿ ಅಳೆಯುವ ಈ ಫೈಕೋ ಅಂಕ ಶುರುವಾಗುವುದೇ 300ರಿಂದ."

"ಆಗಲೂ ಹೀಗೆಯೇ ಇದ್ದಿದ್ದರೆ ನಾನು ಲೆಕ್ಕದಲ್ಲಿ ಪಾಸಾಗಿರುತ್ತಿದ್ದೆ. ಖಾಲಿ ಹಾಳೆಗೂ 300!"

"ಖಾಲಿ ಹಾಳೆಗೆ ಏನೂ ಇಲ್ಲ ರಾಯರೇ," ಎಂದು ಮೇಷ್ಟ್ರು ತಿದ್ದಿದರು. "ಸಾಲವನ್ನೇ ಮಾಡದವರಿಗೆ ಅಂಕ ಹುಟ್ಟುವುದಿಲ್ಲ, ಅಂಕವಿಲ್ಲದವರಿಗೆ ಸಾಲ ಹುಟ್ಟುವುದು ಕಷ್ಟ."

"ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಪರೀಕ್ಷೆಗೆ ಕೂರಬೇಕಾದರೆ ಮೊದಲು ಪಾಸಾಗಿರಬೇಕು ಎನ್ನಿ."

ಮೇಷ್ಟ್ರು ಸೋಲಲಿಲ್ಲ. "ಮುಖ ನೋಡಿ, ಮೈಬಣ್ಣ ನೋಡಿ ಸಾಲ ಕೊಡುತ್ತಿದ್ದ ಕಾಲಕ್ಕಿಂತ 1989ರಲ್ಲಿ ಬಂದ ಈ ಅಂಕ ಎಷ್ಟೋ ವಾಸಿ. ನಿಮ್ಮ ಸಂಬಳ ಎಷ್ಟೆಂದು ಅದು ಕೇಳುವುದೇ ಇಲ್ಲ. ಶೇಕಡಾ 35 ಭಾಗ ಕಂತನ್ನು ಹೊತ್ತಿಗೆ ಸರಿಯಾಗಿ ಕಟ್ಟಿದ್ದಕ್ಕೆ, ಶೇಕಡಾ 30 ಉಳಿದಿರುವ ಬಾಕಿಗೆ, ಅಂದರೆ ಮುಖ್ಯವಾಗಿ ಕಾರ್ಡಿನ ಮಿತಿಯಲ್ಲಿ ಎಷ್ಟು ಪಾಲು ಬಳಸಿದ್ದೀರಿ ಎಂಬುದಕ್ಕೆ."

"ಸಂಬಳ ಕೇಳದಿದ್ದರೇನು, ಅದರ ನೆರಳನ್ನು ಅಳೆಯುತ್ತದಲ್ಲ! ಹತ್ತು ಸಾವಿರ ಮಿತಿಯ ಕಾರ್ಡಿನವಳು ಮಗುವಿನ ಔಷಧಕ್ಕೆಂದು ಆರು ಸಾವಿರ ಬಳಸಿದರೆ ಮಿತಿಯ ಶೇಕಡಾ 60 ಮುಗಿಸಿದ ದುಂದುಗಾರ್ತಿ. ಹತ್ತು ಲಕ್ಷ ಮಿತಿಯವನು ಒಂದು ಲಕ್ಷದ ಕೈಗಡಿಯಾರ ಕಟ್ಟಿಕೊಂಡು ಓಡಾಡಿದರೂ ಶೇಕಡಾ 10ರಲ್ಲೇ ನಿಂತ ಸಂಯಮಿ. ಅವಳ ಅಂಕ ಇಳಿಯುತ್ತದೆ, ಅಂಕ ಇಳಿದದ್ದಕ್ಕೆ ಮುಂದಿನ ಸಾಲದ ಬಡ್ಡಿ ಏರುತ್ತದೆ, ಬಡ್ಡಿ ಏರಿದ್ದಕ್ಕೆ ಕಂತು ತಪ್ಪುತ್ತದೆ, ಆಗ ನೀವು 'ನಾನು ಹೇಳಲಿಲ್ಲವೇ' ಎನ್ನುತ್ತೀರಿ."

"ನಾನೇನೂ ಎನ್ನಲಿಲ್ಲ," ಎಂದರು ಮೇಷ್ಟ್ರು, ಕೊಂಚ ಮೆತ್ತಗೆ.

"ನಿಮ್ಮದೆಷ್ಟು ರಾಯರೇ?" ಗುಂಡಣ್ಣನಿಗೆ ಇನ್ನೂ ಅಂಕದ್ದೇ ಚಿಂತೆ.

"ನನ್ನದಿರಲಿ, ನಮ್ಮಪ್ಪನದು ಎಷ್ಟೆಂದು ಹುಡುಕು ನೋಡೋಣ. ಆಯುಸ್ಸಿನಲ್ಲಿ ಒಬ್ಬರ ಹತ್ತಿರವೂ ಕೈಯೊಡ್ಡದ ಮನುಷ್ಯ. 31 ವರ್ಷ ಬಾಡಿಗೆ ಮನೆಯಲ್ಲಿದ್ದು ತಿಂಗಳ ಒಂದನೆಯ ತಾರೀಕು ತಪ್ಪಿಸಲಿಲ್ಲ. ರಸೀದಿ ಬಂದ ತಕ್ಷಣ ಕೊಕ್ಕೆಯ ತಂತಿಗೆ ಚುಚ್ಚಿಬಿಡುತ್ತಿದ್ದರು. ಆ ಪುಣ್ಯವೆಲ್ಲ ಯಾವ ಖಾತೆಗೆ ಜಮಾ ಆಯಿತು? ಹೊತ್ತಿಗೆ ಕಟ್ಟಿದ ಬಾಡಿಗೆ ಸಾಮಾನ್ಯವಾಗಿ ಲೆಕ್ಕಕ್ಕೇ ಬರುವುದಿಲ್ಲ. ಬಾಕಿ ಬಿದ್ದು ವಸೂಲಿಯವರ ಕೈಗೆ ಹೋದರೆ ಮಾತ್ರ ಕಣ್ಣಿಗೆ ಬೀಳುತ್ತದೆ."

"ಈಗಿನ ಕೆಲವು ಲೆಕ್ಕಾಚಾರಗಳು ಬಾಡಿಗೆಯನ್ನೂ ಪರಿಗಣಿಸುತ್ತವೆ," ಎಂದರು ಮೇಷ್ಟ್ರು. "ಮನೆಯ ಮಾಲೀಕರು ವರದಿ ಮಾಡಿದರೆ."

"ಮಾಲೀಕರೂ ಹೋದರು, ಅಪ್ಪನೂ ಹೋದರು," ಎಂದರು ರಾಯರು. "ತಂತಿ ಇದೆ. ಮೊನ್ನೆ ಒಂದು ರಸೀದಿ ಎಳೆದೆ. ತುಕ್ಕು ಹಿಡಿದ ತೂತಿನಿಂದ ಹರಿದು ಕೈಗೆ ಬಂತು. ಮತ್ತೆ ಚುಚ್ಚಿಡಲು ಆಗಲಿಲ್ಲ."