ಮಾವನ ಟ್ರಂಕಿನಲ್ಲಿ ಡಿಸ್ಕೋ ಪ್ಲೇಟು ಸಿಕ್ಕಿವೆ, ಮುಂದೇನು? ಅನುಭವ ಇದ್ದವರು ಹೇಳಿ

ಬಳ್ಳಾರಿಯಿಂದ, ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವ ಬಳ್ಳಾರಿ ಕೌಲ್‌ಬಜಾರ್‌ನಲ್ಲಿ ಮೈಕ್ ಸೆಟ್ ಅಂಗಡಿ ಇಟ್ಟುಕೊಂಡಿದ್ದರು. ಮದುವೆ, ಜಾತ್ರೆ, ಗಣೇಶನ ಪೆಂಡಾಲು, ಎಲ್ಲಕ್ಕೂ ಅವರದೇ ಹಾರ್ನು. ಹೋದ ವರ್ಷ ತೀರಿಕೊಂಡರು. ಈಗ ಅಂಗಡಿ ಖಾಲಿ ಮಾಡುವಾಗ ಒಂದು ಟ್ರಂಕ್ ಸಿಕ್ಕಿದೆ. 38 ಪ್ಲೇಟು (ಗ್ರಾಮಫೋನ್ ರೆಕಾರ್ಡ್), ಒಂದು ಚೀಲ ಕ್ಯಾಸೆಟ್. ಜಾಸ್ತಿ ಸಿನಿಮಾ ಹಾಡು, ಭಕ್ತಿಗೀತೆ. ಆದರೆ 12 ಪ್ಲೇಟು ಪೂರ್ತಿ ಡಿಸ್ಕೋ. ಒಂದರ ಹೆಸರೂ ನಾನು ಕೇಳಿದ್ದಲ್ಲ. ಅಂಗಡಿಯ ಹಳೇ ಪ್ಲೇಯರ್‌ನಲ್ಲಿ ಒಂದನ್ನು ಹಾಕಿದೆ. ಗಂಡಸಿನ ಗೊಗ್ಗರು ದನಿ, ಹಾಡು ಎಳೆದಂತೆ ಇತ್ತು. ಫೋನಿನ ಆ್ಯಪ್‌ಗೂ ಅದು ಯಾವುದು ಅಂತ ಗೊತ್ತಾಗಲಿಲ್ಲ. ಒಂದು ಕ್ಯಾಸೆಟ್ ಮೇಲೆ ಮಾವ ನೀಲಿ ಪೆನ್ನಿನಲ್ಲಿ ‘ಡಿಸ್ಕೋ, ಯಾರಿಗೂ ಕೊಡಬಾರದು’ ಅಂತ ಬರೆದಿದ್ದಾರೆ. ಗುಜರಿಯವನು ಎಲ್ಲ ಸೇರಿಸಿ ಕೆಜಿ ಲೆಕ್ಕದಲ್ಲಿ ಕೇಳುತ್ತಿದ್ದಾನೆ. ನನಗೆ ಕೊಡಲು ಮನಸ್ಸಿಲ್ಲ. ಇವುಗಳನ್ನು ಕೇಳುವುದು ಹೇಗೆ, ಏನಿವೆ ಅಂತ ಪತ್ತೆ ಮಾಡುವುದು ಹೇಗೆ, ಉಳಿಸುವುದು ಹೇಗೆ?

ರಾಯಚೂರಿನಿಂದ:

ಮೊದಲು ಗುಜರಿಯವನಿಗೆ ಇಲ್ಲ ಅಂತ ಹೇಳಿ ಕಳಿಸಿ. ನಾನು ಇಪ್ಪತ್ತು ವರ್ಷದಿಂದ ಪ್ಲೇಟು ಕೂಡಿಡುತ್ತಿದ್ದೇನೆ. ನನ್ನ ಹತ್ತಿರ ಇರುವ ಒಳ್ಳೆಯ ಪ್ಲೇಟುಗಳಲ್ಲಿ ಅರ್ಧ ಮೈಕ್ ಸೆಟ್‌ನವರ ಮನೆಯಿಂದಲೇ ಬಂದದ್ದು. ಪಕ್ಕದ ಸೆಟ್‌ನವರ ಹತ್ತಿರ ಇಲ್ಲದ ಹಾಡು ತಮ್ಮ ಹತ್ತಿರ ಇರಬೇಕು ಅಂತ ಅವರು ಹೈದರಾಬಾದ್, ಮದ್ರಾಸ್ ಸುತ್ತಿ ತರುತ್ತಿದ್ದರು. ಗಲ್ಫಿಗೆ ದುಡಿಯಲು ಹೋದವರು ಟೂ-ಇನ್-ಒನ್ (ರೇಡಿಯೋ, ಟೇಪು ಎರಡೂ ಇರುವ ಸೆಟ್ಟು) ಜೊತೆ ತಂದ ಕ್ಯಾಸೆಟ್‌ಗಳೂ ಅಲ್ಲೇ ಕಾಪಿ ಆಗುತ್ತಿದ್ದವು. ನಿಮ್ಮ ಮಾವ ‘ಯಾರಿಗೂ ಕೊಡಬಾರದು’ ಅಂತ ಬರೆದದ್ದು ಅದಕ್ಕೇ ಇರಬೇಕು.

ಬಳ್ಳಾರಿ ಅಂದರೆ ಅದಿರಿನ ಕೆಂಪು ಧೂಳು. ಅದು ಗೆರೆಯೊಳಗೆ ಹೋಗಿ ಕೂತಿರುತ್ತದೆ. ಒಣ ಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುವುದು ಖಂಡಿತ. ಡಿಸ್ಟಿಲ್ಡ್ ವಾಟರ್ ತನ್ನಿ. ಒಂದು ಲೀಟರಿಗೆ ಎರಡೇ ಹನಿ ಪಾತ್ರೆ ತೊಳೆಯುವ ಸೋಪು. ಮೆತ್ತನೆಯ ಮೈಕ್ರೋಫೈಬರ್ ಬಟ್ಟೆ ಅದ್ದಿ, ಗೆರೆ ಸುತ್ತಿದ ದಿಕ್ಕಿನಲ್ಲೇ ಸುತ್ತಿಸಿ. ಅಡ್ಡಡ್ಡ ಒರೆಸಬೇಡಿ. ನಡುವಿನ ಕಾಗದ ಒದ್ದೆ ಆಗಬಾರದು. ಆಮೇಲೆ ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಇನ್ನೊಂದು ಸಲ ಒರೆಸಿ, ನೆರಳಲ್ಲಿ ನಿಲ್ಲಿಸಿ ಒಣಗಿಸಿ. ಮೊದಲ ಪ್ಲೇಟು ತೊಳೆದಾಗ ಬಟ್ಟೆ ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದು ನೋಡಿ ನನಗೆ ಗಾಬರಿ ಆಗಿತ್ತು. ನಿಮಗೂ ಆಗಬಹುದು, ಹೆದರಬೇಡಿ.

ಟ್ರಂಕಿನಲ್ಲಿ ದಪ್ಪಗೆ, ಭಾರ ಇರುವ, ಬಿದ್ದರೆ ಒಡೆಯುವ, ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಪ್ಲೇಟುಗಳೂ ಇದ್ದರೆ ಅವಕ್ಕೆ ಸ್ಪಿರಿಟ್ ತಾಕಿಸಬೇಡಿ. ಅವು ಅರಗಿನವು, ಸ್ಪಿರಿಟ್‌ಗೆ ಕರಗುತ್ತವೆ. ಒಂದು ಹಳೇ ನಾಟಕದ ಪ್ಲೇಟನ್ನು ನಾನೇ ಹಾಗೆ ಹಾಳು ಮಾಡಿದೆ. ಬಟ್ಟೆಗೆ ಕಪ್ಪು ಬರುತ್ತಿದ್ದರೂ ಕೊಳೆ ಅಂತ ಉಜ್ಜುತ್ತಲೇ ಇದ್ದೆ. ಹತ್ತು ವರ್ಷ ಆಯಿತು, ಇವತ್ತಿಗೂ ನೆನೆದರೆ ಸಂಕಟ ಆಗುತ್ತದೆ.

ಇನ್ನು ಆ ಗೊಗ್ಗರು ದನಿ. ಅದು ದೊಡ್ಡ 12 ಇಂಚಿನ ಪ್ಲೇಟು ಅಲ್ವಾ? ಒಂದು ಸೈಡಿಗೆ ಒಂದೇ ಹಾಡು ಇದ್ದು, ಗೆರೆ ಬಿಡಿಬಿಡಿಯಾಗಿ ಕಂಡರೆ, ನೀವು ಅದನ್ನು ನಿಧಾನದ ಸ್ಪೀಡಿಗೆ ಹಾಕಿರಬೇಕು. ನಿಮಿಷಕ್ಕೆ 45 ಸುತ್ತಿನ ಸ್ಪೀಡಿಗೆ ಹಾಕಿ ನೋಡಿ. ಈ ಥರದ ಪ್ಲೇಟು ಹುಟ್ಟಿದ್ದೇ ಡಿಸ್ಕೋಗಾಗಿ. 1970ರ ದಶಕದ ನಡುವೆ ನ್ಯೂಯಾರ್ಕಿನಲ್ಲಿ ಟಾಮ್ ಮೌಲ್ಟನ್ ಅನ್ನುವವರು ಹಾಡು ಕೊರೆಸಲು ಹೋದಾಗ ಸಣ್ಣ ಖಾಲಿ ಪ್ಲೇಟು ಮುಗಿದುಹೋಗಿತ್ತು. ದೊಡ್ಡದರ ಮೇಲೆ ಒಂದೇ ಹಾಡನ್ನು ಅಗಲ ಗೆರೆಯಲ್ಲಿ ಕೊರೆದರು. ಸದ್ದು ದೊಡ್ಡದಾಗಿ ಬಂತು, ಬೇಸ್ ತುಂಬಿಕೊಂಡು ಬಂತು. ಅಲ್ಲಿಂದ ಅದೇ ರೂಢಿ ಆಯಿತು.

ಅಂಗಡಿಯ ಹಳೇ ಪ್ಲೇಯರ್‌ನಲ್ಲಿ ಮಾತ್ರ ಇನ್ನು ಹಾಕಬೇಡಿ. ಅದರ ತೋಳು ಭಾರ, ನೀಡಲ್ ಸವೆದಿರುತ್ತದೆ. ಹಾಡು ಹಾರಿದರೆ ತೋಳಿನ ಮೇಲೆ ನಾಣ್ಯ ಇಡುವ ಪದ್ಧತಿ ನಮ್ಮಲ್ಲಿತ್ತು. ಅದು ಗೆರೆಯನ್ನೇ ಕೊರೆದು ಹಾಕುತ್ತದೆ. ಹೊಸ ನೀಡಲ್ ಇರುವ ಪ್ಲೇಯರ್ ಯಾರದಾದರೂ ಎರವಲು ತನ್ನಿ. ಪ್ಲೇಟುಗಳನ್ನು ಪುಸ್ತಕದ ಹಾಗೆ ನಿಲ್ಲಿಸಿ ಇಡಿ. ಮೇ ತಿಂಗಳಲ್ಲಿ ಕಾರಿನೊಳಗೆ ಬಿಟ್ಟು ಊಟಕ್ಕೆ ಹೋಗಬೇಡಿ. ತಿರುಗಿ ಬಂದಾಗ ಹಪ್ಪಳ ಆಗಿರುತ್ತವೆ.

ಸಿಂಧನೂರಿನಿಂದ:

ನಾನು ಪ್ಲೇಟು ಕೂಡಿಡುವವಳಲ್ಲ, ಕೇಳುವವಳು. ಆದರೆ ‘ಹೆಸರೇ ಕೇಳಿಲ್ಲ’ ಅಂತ ನೀವು ಬರೆದದ್ದು ಓದಿ ಸುಮ್ನೆ ಇರಲು ಆಗಲಿಲ್ಲ. ಹೆಸರು ಕೇಳಿಲ್ಲ ಅನ್ನುವುದೇ ಒಳ್ಳೆಯ ಸುದ್ದಿ.

ಡಿಸ್ಕೋ ಅಂದರೆ ನಮಗೆ ಮಿಂಚುವ ಬಟ್ಟೆ, ಸಿನಿಮಾ ಕುಣಿತ ನೆನಪಾಗುತ್ತದೆ. ಅದು ಬೆಳೆದದ್ದು ಬೇರೆ ಕಡೆ. 1970ರಲ್ಲಿ ನ್ಯೂಯಾರ್ಕಿನ ಡೇವಿಡ್ ಮ್ಯಾಂಕುಸೋ ತಮ್ಮ ವಾಸದ ಜಾಗದಲ್ಲೇ ಕುಣಿತದ ರಾತ್ರಿ ಶುರು ಮಾಡಿದರು. ಕರೆದವರಿಗಷ್ಟೇ ಪ್ರವೇಶ, ಮದ್ಯ ಮಾರುತ್ತಿರಲಿಲ್ಲ. ಬೇರೆ ಕಡೆ ಬಾಗಿಲು ಮುಚ್ಚಿಸಿಕೊಂಡ ಕರಿಯರು, ಲ್ಯಾಟಿನೋಗಳು, ಸಲಿಂಗಿಗಳು ಅಲ್ಲಿ ನೆಮ್ಮದಿಯಿಂದ ಕುಣಿದರು. ಆಮೇಲೆ ದೊಡ್ಡ ಕಂಪನಿಗಳು ಬಂದವು, ರೇಡಿಯೋ ತುಂಬ ಡಿಸ್ಕೋ ಆಯಿತು, ಜನಕ್ಕೆ ಸಾಕಾಯಿತು. 1979ರ ಜುಲೈ 12ರಂದು ಚಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ಪ್ಲೇಟುಗಳನ್ನು ರಾಶಿ ಹಾಕಿ ಸ್ಫೋಟಿಸಿದರು. ಕಂಪನಿಗಳು ಕೈಬಿಟ್ಟವು. ಸಣ್ಣ ಲೇಬಲ್‌ನವರು, ಅಂದರೆ ಸಣ್ಣ ರೆಕಾರ್ಡ್ ಕಂಪನಿಯವರು, ಬಿಡಲಿಲ್ಲ. ಸ್ವಲ್ಪವೇ ಪ್ಲೇಟು ಒತ್ತಿಸಿ ಕ್ಲಬ್ಬುಗಳಿಗೆ ಕೊಡುತ್ತಿದ್ದರು. ಇವತ್ತು ಜನ ಹುಡುಕುವುದು ಅವನ್ನೇ.

ನಮ್ಮ ದೇಶದಲ್ಲೂ ಹಾಗೇ ಆಗಿದೆ. ಬೆಂಗಳೂರಿನಲ್ಲಿ ಹುಟ್ಟಿ ಲಂಡನ್ನಿಗೆ ಹೋದ ‘ಬಿದ್ದು’ ಅನ್ನುವ ಸಂಗೀತಗಾರರ ಡಿಸ್ಕೋ ಎಲ್ಲರಿಗೂ ಗೊತ್ತು. ಅವು ಎಲ್ಲಿ ಬೇಕಾದರೂ ಸಿಗುತ್ತವೆ. ಆದರೆ ಅದೇ ಕಾಲದಲ್ಲಿ ಕೋಲ್ಕತ್ತಾದ ಗಾಯಕಿ ರೂಪಾ ಬಿಸ್ವಾಸ್ ಕೆನಡಾದ ಕ್ಯಾಲ್ಗರಿಯಲ್ಲಿ ‘ಡಿಸ್ಕೋ ಜಾಝ್’ ರೆಕಾರ್ಡ್ ಮಾಡಿದ್ದು ಎಷ್ಟು ಜನಕ್ಕೆ ಗೊತ್ತಿತ್ತು? ಸರೋದ್ ನುಡಿಸಿದ್ದು ಆಶಿಶ್ ಖಾನ್. 1982ರಲ್ಲಿ ಬಂತು, ಓಡಲಿಲ್ಲ. ರೂಪಾ ಅವರೂ ಅದನ್ನು ಮರೆತು ಸಂಸಾರ ಮಾಡಿಕೊಂಡಿದ್ದರು. ವರ್ಷಗಳಾದ ಮೇಲೆ, ಅದಕ್ಕೆ ಹೊರಗೆ ಎಷ್ಟು ಬೇಡಿಕೆ ಇದೆ ಅಂತ ಮಗ ಇಂಟರ್ನೆಟ್‌ನಲ್ಲಿ ಕಂಡು ತಾಯಿಗೆ ಹೇಳಿದರು. 2019ರಲ್ಲಿ ಅಮೆರಿಕದ ನ್ಯೂಮೆರೋ ಗ್ರೂಪ್ ಅನ್ನುವ ರೆಕಾರ್ಡ್ ಕಂಪನಿ ಅದನ್ನು ಮತ್ತೆ ಪ್ಲೇಟಾಗಿ ತಂದಿತು.

ಇನ್ನೊಬ್ಬರು ಚರಣ್‌ಜಿತ್ ಸಿಂಗ್. ಹಿಂದಿ ಸಿನಿಮಾಗಳಿಗೆ ಗಿಟಾರ್ ನುಡಿಸುತ್ತಿದ್ದವರು. 1982ರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಎಲೆಕ್ಟ್ರಾನಿಕ್ ವಾದ್ಯದ ಯಂತ್ರ ಇಟ್ಟುಕೊಂಡು ಭೈರವ್, ತೋಡಿ, ಯಮನ್, ಮಾಲ್‌ಕೌಂಸ್, ಹೀಗೆ ಹತ್ತು ರಾಗಗಳನ್ನು ಡಿಸ್ಕೋ ಬೀಟಿಗೆ ನುಡಿಸಿದರು. ಕೊಳ್ಳುವವರು ಸಿಗಲಿಲ್ಲ. ಅದೇ ಯಂತ್ರಗಳ ಸದ್ದು ಚಿಕಾಗೋದಲ್ಲಿ ಆ್ಯಸಿಡ್ ಹೌಸ್ ಅನ್ನುವ ಕುಣಿತದ ಸಂಗೀತವಾಗಿ ಹೆಸರು ಮಾಡಿದ್ದು 1987ರ ಹೊತ್ತಿಗೆ. 2002ರಲ್ಲಿ ಎಡೋ ಬೌಮನ್ ಅನ್ನುವ ಡಚ್ ಸಂಗ್ರಾಹಕರಿಗೆ ದೆಹಲಿಯಲ್ಲಿ ಆ ಪ್ಲೇಟು ಸಿಕ್ಕಿತು, 2010ರಲ್ಲಿ ಮತ್ತೆ ಹೊರಬಂತು. ನಾನು ಮೊದಲ ಸಲ ಕೇಳಿದ್ದು ಬೆಳಗಿನ ಐದಕ್ಕೆ, ಬಸ್ಸಿನಲ್ಲಿ, ಲಿಂಗಸೂಗೂರಿಗೆ ಹೋಗುವಾಗ. ಭೈರವ್ ಶುರುವಾಗಿ ಬೀಟು ಬಿದ್ದ ಕೂಡಲೇ ಮೈ ಜುಮ್ ಅಂದಿತು. ಇಳಿಯುವ ಸ್ಟಾಪು ದಾಟಿಹೋಯಿತು.

ಪತ್ತೆ ಮಾಡುವ ದಾರಿ ಇದು. ಪ್ಲೇಟಿನ ಹಾಡು ಮುಗಿದ ಮೇಲೆ, ನಡುವಿನ ಕಾಗದಕ್ಕೆ ಮುಂಚೆ ನುಣ್ಣನೆಯ ಜಾಗ ಇರುತ್ತದೆ. ಟಾರ್ಚ್ ಓರೆ ಹಿಡಿದು ನೋಡಿ. ಕೊರೆದ ನಂಬರ್ ಕಾಣುತ್ತದೆ. ಅದನ್ನು, ಕಾಗದದ ಮೇಲಿನ ನಂಬರನ್ನು, ಎರಡನ್ನೂ ಬರೆದುಕೊಳ್ಳಿ. ಡಿಸ್ಕಾಗ್ಸ್ ಅನ್ನುವ ಜಾಲತಾಣದಲ್ಲಿ ಹಾಕಿದರೆ ಯಾವ ದೇಶದ್ದು, ಯಾವ ವರ್ಷದ್ದು ಅಂತ ಬಹುಪಾಲು ಸಿಗುತ್ತದೆ. ಅಲ್ಲಿ ಬೆಲೆಯೂ ಕಾಣುತ್ತದೆ. ಮೊದಲು ಕೇಳಿ, ಬೆಲೆ ಆಮೇಲೆ ನೋಡಿ ಅಂತ ನನ್ನ ಮಾತು.

ಶಕ್ತಿನಗರದಿಂದ:

ಕ್ಯಾಸೆಟ್ ಬಗ್ಗೆ ನಾನು ಹೇಳುತ್ತೇನೆ. ಆ ನೀಲಿ ಪೆನ್ನಿನ ಕ್ಯಾಸೆಟ್ಟೇ ನಿಮ್ಮ ಹತ್ತಿರ ಇರುವ ಎಲ್ಲಕ್ಕಿಂತ ಮುಖ್ಯ. ಪ್ಲೇಟಿಗೆ ಇನ್ನೊಂದು ಪ್ರತಿ ಎಲ್ಲಾದರೂ ಇರುತ್ತದೆ. ಕೈಬರಹದ ಕ್ಯಾಸೆಟ್‌ಗೆ ಇರುವುದಿಲ್ಲ.

ಮೇಲಂಚಿನ ಎರಡು ಪ್ಲಾಸ್ಟಿಕ್ ಹಲ್ಲು ಮುರಿಯಿರಿ. ತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಅಳಿಸಿಹೋಗುವುದಿಲ್ಲ. ರೀಲಿನ ಮೇಲೆ ಬಿಳಿ ಪುಡಿ ಕಂಡರೆ ಬೂಷ್ಟು, ಅದನ್ನು ಓಡಿಸಬೇಡಿ. ಒಳಗೆ ತಾಮ್ರದ ಪಟ್ಟಿಯ ಮೇಲೆ ಒಂದು ಚಿಕ್ಕ ಮೆತ್ತೆ ಇರುತ್ತದೆ, ರೀಲನ್ನು ಪ್ಲೇಯರ್‌ನ ಹೆಡ್‌ಗೆ (ಸದ್ದು ಓದುವ ಭಾಗಕ್ಕೆ) ಒತ್ತಿ ಹಿಡಿಯುವುದು ಅದೇ. ಹಳೇ ಕ್ಯಾಸೆಟ್‌ನಲ್ಲಿ ಅದರ ಅಂಟು ಬಿಟ್ಟು ಬಿದ್ದುಹೋಗಿರುತ್ತದೆ. ಆಗ ಸದ್ದು ಮಂಕಾಗುತ್ತದೆ. ಐದು ಸ್ಕ್ರೂ ಬಿಚ್ಚಿ, ರೀಲನ್ನು ಬೇರೆ ಕ್ಯಾಸೆಟ್ ಡಬ್ಬಿಗೆ ದಾಟಿಸಿದರೆ ಸರಿಹೋಗುತ್ತದೆ.

ಓಡಿಸುವ ಮುಂಚೆ ಡೆಕ್‌ನ ಹೆಡ್ಡು, ರಬ್ಬರ್ ರೋಲರ್ ಒರೆಸಿ. ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಿಸಿ. ಸದ್ದು ಕಂಬಳಿ ಹೊದ್ದಂತೆ ಕೇಳಿದರೆ ಹೆಡ್ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ. ತಾಳದ ‘ಛಿಸ್’ ಸದ್ದು ಚೂಪಾಗಿ ಕೇಳುವ ಕಡೆ ನಿಲ್ಲಿಸಿ. ಕಂಪ್ಯೂಟರ್‌ಗೆ ಲೈನ್ ತಂತಿ ಹಾಕಿ, ಅಡಾಸಿಟಿ ಅನ್ನುವ ಉಚಿತ ತಂತ್ರಾಂಶದಲ್ಲಿ 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ತುಂಬಿಸಿಕೊಳ್ಳಿ. 90 ನಿಮಿಷದ ಕ್ಯಾಸೆಟ್‌ನ ಒಂದು ಸೈಡಿಗೆ ಸುಮಾರು 780 ಎಂಬಿ ಆಗುತ್ತದೆ. ಆ ಮೂಲ ಫೈಲನ್ನು ಹಾಗೇ ಬಿಡಿ. ಸದ್ದು ತೆಗೆಯುವುದು, ತಿದ್ದುವುದು ಎಲ್ಲ ಕಾಪಿಯಲ್ಲಿ ಮಾಡಿ. ನಾನು ಒಮ್ಮೆ ಮೂಲದಲ್ಲೇ ಗರಗರ ಸದ್ದು ತೆಗೆಯಲು ಹೋಗಿ, ನಮ್ಮ ಅಜ್ಜಿಯ ಸೋಬಾನೆ ಪದದ ದನಿಯನ್ನೇ ತೆಳ್ಳಗೆ ಮಾಡಿಬಿಟ್ಟೆ. ಆಮೇಲೆ ರೀಲೂ ತುಂಡಾಯಿತು.

ಕೊಪ್ಪಳದಿಂದ:

ಒಂದೇ ಮಾತು. ನಿಮಗಾಗಿ ಕಾಪಿ ಇಟ್ಟುಕೊಳ್ಳಿ, ಆದರೆ ಪೂರ್ತಿ ಹಾಡು ಇಂಟರ್ನೆಟ್‌ಗೆ ಏರಿಸಬೇಡಿ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಬಿಡುಗಡೆಯಾದ ವರ್ಷ ಮುಗಿದ ಮೇಲೆ 60 ವರ್ಷ ಇರುತ್ತದೆ. 1982ರದ್ದಾದರೆ 2042ರ ಕೊನೆಯವರೆಗೆ.

ಬಳ್ಳಾರಿಯಿಂದ, ಮತ್ತೆ:

ರಾಯಚೂರಿನ ಅಣ್ಣಾ, ಆ ಪ್ಲೇಟು 45ಕ್ಕೆ ಹಾಕಿದೆ. ಹಾಡುತ್ತಿರುವುದು ಗಂಡಸಲ್ಲ, ಹೆಂಗಸು! ಎಷ್ಟು ಚೆಂದದ ದನಿ ಅಂದರೆ ಮನೆಯಲ್ಲಿ ಎಲ್ಲರೂ ಬಂದು ನಿಂತರು. ಅಕ್ಕಾ, ನೀವು ಹೇಳಿದ ಹಾಗೆ ನಂಬರ್ ಓದಿ ಒಂಬತ್ತು ಪ್ಲೇಟು ಪತ್ತೆ ಆದವು. ಮೂರು ಎಲ್ಲೂ ಇಲ್ಲ.

ನೀಲಿ ಪೆನ್ನಿನ ಕ್ಯಾಸೆಟ್‌ನ ಮೆತ್ತೆ ಬಿದ್ದೇ ಹೋಗಿತ್ತು. ಡಬ್ಬಿ ಬದಲಿಸಿ ಎ ಸೈಡ್ ತುಂಬಿಸಿಕೊಂಡೆ. ಹಿಂದಿ, ತೆಲುಗು ಡಿಸ್ಕೋ ಹಾಡುಗಳೇ, ಆದರೆ ಪ್ಲೇಟಿನ ಹಾಗೆ ಇಲ್ಲ. ನಡುನಡುವೆ ಸೀಟಿ ಕೇಳುತ್ತದೆ. ಇದು ಏನು? ಒಂದು ಅರ್ಧ ನಿಮಿಷದ ತುಣುಕು ಹಾಕಿದ್ದೇನೆ, ಕೇಳಿ.

ಗಂಗಾವತಿಯಿಂದ:

ತಮ್ಮಾ, ನಾಲ್ಕು ಸಲ ಕೇಳಿದೆ. ನಾನು ಆ ಕಾಲದಲ್ಲಿ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ. ಇದು ಸ್ಟುಡಿಯೋ ಅಲ್ಲ, ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾ. ಡಿಸ್ಕೋಗೆ ನಾಲ್ಕು ಏಟೂ ಸಮ ಬೀಳಬೇಕು, ನಿಮಿಷಕ್ಕೆ 120ರ ಆಸುಪಾಸು. ನಮ್ಮ ಹತ್ತಿರ ಡ್ರಮ್ ಮೆಷಿನ್ ಎಲ್ಲಿತ್ತು? ಬಾಂಗೋದವನು, ‘ತುಂಬಾ’ ಅನ್ನುವ ಎತ್ತರದ ಡ್ರಮ್ಮಿನವನು ಕೈ ಊದಿಕೊಳ್ಳುವವರೆಗೆ ಬಾರಿಸುತ್ತಿದ್ದರು. ಆ ‘ಛಿಸ್’ ಅನ್ನುವುದಕ್ಕೆ ಒಬ್ಬ ಹುಡುಗ ಬರೀ ಮರಾಕಸ್ (ಅಲ್ಲಾಡಿಸುವ ಗಿಲಕಿ) ಹಿಡಿದು ನಿಲ್ಲುತ್ತಿದ್ದ. ನಿಮ್ಮ ತುಣುಕಿನಲ್ಲಿ ಎಡಗಡೆ ಅದೇ ಕೇಳುತ್ತಿದೆ. ನಾವು ವರ್ಷಕ್ಕೆ ಎಷ್ಟೋ ಪ್ರೋಗ್ರಾಂ ಕೊಡುತ್ತಿದ್ದೆವು. ಒಂದನ್ನೂ ಯಾರೂ ರೆಕಾರ್ಡ್ ಮಾಡಲಿಲ್ಲ ಅಂತಲೇ ತಿಳಿದಿದ್ದೆ. ನಿಮ್ಮ ಮಾವ ಮಿಕ್ಸರ್ ಪಕ್ಕ ಟೇಪ್ ಇಟ್ಟು ಹಿಡಿದುಕೊಂಡಿದ್ದಾರೆ. ಪೂರ್ತಿ ಕೇಳಬೇಕು. ಯಾರ ತಂಡ ಅಂತ ನಾನು ಹೇಳಬಲ್ಲೆ ಅನಿಸುತ್ತದೆ.

ಬಳ್ಳಾರಿಯಿಂದ:

ಕಾಕಾ, ಭಾನುವಾರ ಲ್ಯಾಪ್‌ಟಾಪ್ ತಗೊಂಡು ಗಂಗಾವತಿಗೆ ಬರುತ್ತೇನೆ. ಬಿ ಸೈಡ್ ನಿನ್ನೆ ರಾತ್ರಿ ಕೇಳಿದೆ. ಮೂರನೇ ಹಾಡಿನ ನಡುವೆ ಕರೆಂಟ್ ಹೋಗುತ್ತದೆ. ಕೀಬೋರ್ಡು, ಹಾಡು, ಹಾರ್ನು ಎಲ್ಲ ಒಮ್ಮೆಗೇ ನಿಂತುಹೋಗುತ್ತದೆ. ಮಾವನ ಟೇಪು ಸೆಲ್ ಮೇಲೆ ಓಡುತ್ತಿದ್ದಿರಬೇಕು, ಅದು ನಿಲ್ಲುವುದಿಲ್ಲ. ಬಾಂಗೋದವರೂ ನಿಲ್ಲಿಸುವುದಿಲ್ಲ. ಮೊದಲು ಒಬ್ಬಿಬ್ಬರು, ಆಮೇಲೆ ಇಡೀ ಪೆಂಡಾಲು ಅದೇ ಏಟಿಗೆ ಚಪ್ಪಾಳೆ ಹಾಕುತ್ತದೆ. ಕರೆಂಟ್ ಬರುವವರೆಗೆ ನಾಲ್ಕು ನಿಮಿಷ ಅದೇ ಇದೆ.